ಮುನಿಸಮ್ಮನಿಗೆ ಬಳಿದ ನಗು

ಹಲ್ಲಿನ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಪಿಂಗಾಣಿ ಹಲ್ಲು ಸುಟ್ಟವಳಿಗೆ ಆ ಬಾಯಿ ಕಂಡೊಡನೆ ಮೈಯೆಲ್ಲ ಉರಿದುಹೋಯಿತು. ಗೊಂಬೆ ಪ್ರದರ್ಶನದ ಹಾಲ್‌ನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಅವಳ ಮುನಿಸಮ್ಮ ನಗುತ್ತಿದ್ದಳು!

ಅವಳ ಕಪಾಟಿನ ಹದಿನಾಲ್ಕು ಜರ್ಮನ್ ಬಿಸ್ಕ್ ಗೊಂಬೆಗಳಲ್ಲಿ ಮುನಿಸಮ್ಮನೇ ಮುದ್ದಿನವಳು. ಹೊಳಪು ಕೊಡದೆ ಸುಟ್ಟ ಪಿಂಗಾಣಿ ಮುಖ. ನೂರು ವರ್ಷದ ಹಿಂದೆ ಯಾರದೋ ನಿಜವಾದ ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾಡಿದ್ದು. ಮಗು ಅವತ್ತು ಮುಖ ಊದಿಸಿಕೊಂಡಿತ್ತು, ಶಿಲ್ಪಿ ಹಾಗೇ ಮಾಡಿಟ್ಟ. ಅಳುಮೋರೆ ಗೊಂಬೆ ಯಾರಿಗೆ ಬೇಕು? ಮಾರಾಟವಾಗಲಿಲ್ಲ, ಹೆಚ್ಚು ಮಾಡಲೂ ಇಲ್ಲ, ಅದಕ್ಕೇ ಈಗ ಅಪರೂಪ. ಅವಳಿಗೋ ಆ ಮೋರೆಯೇ ಇಷ್ಟ. "ಒಂಚೂರು ನಗಬಾರದಾ" ಎಂದು ಎಲ್ಲರೂ ತನಗೆ ಹೇಳುವುದನ್ನು ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು. ನಗು ಬಂದಾಗ ನಗುತ್ತಾಳೆ, ಬಾರದಿದ್ದರೆ ಇಲ್ಲ. ಅದರಲ್ಲಿ ಯಾರಪ್ಪನ ಗಂಟು ಹೋಗುತ್ತದೆ?

"ಯಾರ ಕೆಲಸ ಇದು?"

ಜೊತೆಗೆ ಬಂದಿದ್ದ ಅಕ್ಕ ಬೇರೆ ಕಡೆ ನೋಡಿದಳು. "ನಿನ್ನೆ ನಿನ್ನ ಬದ್ಲು ಗೊಂಬೆ ಕೊಡೋಕೆ ಬಂದಾಗ ನಾನೇ ಬಳೀರಿ ಅಂದೆ ಕಣೆ. ನಗ್ತಾ ಇದ್ರೆ ಸ್ಪರ್ಧೇಲಿ ಬಹುಮಾನ ಬರತ್ತೆ ಅಂದ್ರು ಇವರು."

ಪ್ರದರ್ಶನ ಏರ್ಪಡಿಸಿದ್ದ ಗೊಂಬೆ ಸಂಘದ ಅಧ್ಯಕ್ಷರು ಬೀಗಿದರು. "ಬಣ್ಣದಲ್ಲಿ ತುಟಿ ತುದಿ ಒಂದಿಷ್ಟು ಮೇಲಕ್ಕೆ ಎಳೆದೆ ಅಷ್ಟೇ. ನನ್ನ ಕೈಚಳಕ ಗೊತ್ತೇ ಆಗಲ್ಲ ನೋಡಿ."

"ಗೊಂಬೆ ಅಕ್ಕಂದಲ್ಲ, ನಂದು. ಪೆಟ್ಟಿಗೆ ತೆಗೀರಿ."

ತೆಗೆದದ್ದೇ ತಡ, ಅವಳು ಅಕ್ಕನ ಕೈಚೀಲಕ್ಕೆ ಕೈ ಹಾಕಿ, ಉಗುರುಬಣ್ಣ ಅಳಿಸುವ ಶೀಶೆಯನ್ನೂ ಹತ್ತಿಯನ್ನೂ ಎಳೆದುಕೊಂಡಳು.

"ಅಯ್ಯೋ, ಮುಖಾನೇ ಅಳಿಸಿಹೋಗತ್ತೆ!" ಅಧ್ಯಕ್ಷರು ಕೂಗಿದರು. ಹಾಲ್‌ನ ಜನವೆಲ್ಲ ಸುತ್ತುಗಟ್ಟಿತು.

"ಬೆಂಕೀಲಿ ಸುಟ್ಟ ಬಣ್ಣ ಇದಕ್ಕೆ ಜಗ್ಗಲ್ಲ ಸಾರ್. ಹೋಗೋದು ನೀವು ಬಳಿದಿದ್ದು ಮಾತ್ರ."

ಹೇಳುವುದೇನೋ ಹೇಳಿದಳು, ಖಾತ್ರಿ ಮಾತ್ರ ಇರಲಿಲ್ಲ. ಹಳೆಯ ತುಟಿಯೂ ಸುಡದ ಬಣ್ಣದ್ದೇ ಆಗಿದ್ದರೆ ಮುನಿಸಮ್ಮನಿಗೆ ಬಾಯೇ ಉಳಿಯದು. ಆದರೂ ಒರೆಸಿದಳು. ಹತ್ತಿ ಕೆಂಪಾಯಿತು. ಇನ್ನೊಮ್ಮೆ ಒರೆಸಿದಳು. ನಗು ಕಳಚಿ, ಕೆಳಗಿನಿಂದ ಆ ಮುದ್ದಾದ ಮುನಿಸು ಒಂದಿಷ್ಟೂ ಮಾಸದೆ ಎದ್ದು ಬಂತು. ಅವಳ ಕಣ್ಣು ತುಂಬಿತು.

"ಇದನ್ನ ಸ್ಪರ್ಧೆಯಿಂದ ತೆಗೀತೀನಿ," ಅಧ್ಯಕ್ಷರು ಗುಡುಗಿದರು.

"ಧಾರಾಳವಾಗಿ ತೆಗೀರಿ."

ಅಕ್ಕ ಅವಳ ತೋಳು ಜಗ್ಗಿದಳು. "ಎಲ್ಲರ ಮುಂದೆ ಮಾನ ಕಳೀಬೇಡ ಕಣೇ. ಒಂಚೂರು ನಕ್ಕು ಸಾರಿ ಅಂದ್ಬಿಡು."

ಅವಳು ಗೊಂಬೆಯನ್ನು ಎತ್ತಿಕೊಂಡು, ಕುರ್ಚಿ ಎಳೆದು, ಅಧ್ಯಕ್ಷರ ಎದುರಿಗೇ ಹಾಲ್‌ನ ನಡುವೆ ಕೂತಳು.

"ಸಾರಿ ಹೇಳಬೇಕಾದವರು ಅವರು, ಇವಳಿಗೆ. ಹೇಳ್ಲಿ. ಅಲ್ಲೀವರೆಗೂ ನಾವಿಬ್ರೂ ಹೀಗೇ ಕೂತಿರ್ತೀವಿ."