ಕೋಣ ಕರೆದವನು

ಹೊಸಪೇಟೆ ಸ್ಟೇಷನ್ನಿನ ಎದುರಿಗಿದ್ದ ಪಂಪಣ್ಣನ ಅಂಗಡಿಯ ಚಹಾ ಅಷ್ಟಕ್ಕಷ್ಟೇ. ನೀರು ಜಾಸ್ತಿ, ಬೆಲ್ಲ ಕಡಿಮೆ. ಆದರೂ ಜನ ಮುಗಿಬೀಳುತ್ತಿದ್ದರು, ಯಾಕೆಂದರೆ ಆ ಚಹಾದ ಜೊತೆ ಆಫ್ರಿಕಾ ಪುಕ್ಕಟೆ ಸಿಗುತ್ತಿತ್ತು. ಸಂಡೂರಿನ ಗುಡ್ಡಗಳಲ್ಲಿ ಅದಿರು ಹುಡುಕಲು ಬಂದಿದ್ದ ಬಿಳಿ ದೊರೆಯೊಬ್ಬನ ಡೇರೆ, ಸಾಮಾನು ನೋಡಿಕೊಳ್ಳುತ್ತಿದ್ದ ಪಂಪಣ್ಣ ಅದೇ ದೊರೆಯ ಬೆನ್ನು ಹಿಡಿದು ಹಡಗು ಹತ್ತಿ, ಆಫ್ರಿಕಾದ ಬೇಟೆಗೆ ಹೋಗಿಬಂದವನು. ಸಿಂಹ ಕಂಡವನು, ನೀರಾನೆ ಕಂಡವನು. ಅಷ್ಟಿದ್ದೂ ಜನ ಕೇಳುತ್ತಿದ್ದದ್ದು ಕೋಣದ ಕಥೆಯನ್ನೇ.

ಕಥೆ ಇಷ್ಟೇ. ದೊರೆಯ ಗುಂಡು ತಿಂದು ಹುಚ್ಚೆದ್ದ ಕಾಡುಕೋಣವೊಂದು ಪೊದೆಯಿಂದ ನುಗ್ಗಿ ಬಂತು. ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ಪಂಪಣ್ಣನ ಹೆಂಡತಿಯ ಅಣ್ಣ, ಕಂಪ್ಲಿಯ ಉಚ್ಚೆಂಗಪ್ಪ ಮಾತ್ರ ಅದನ್ನು ತನ್ನ ಮನೆಯ ಕೋಣವೆಂದೇ ತಿಳಿದು, ಎರಡೂ ಕೈ ಚಾಚಿ "ಹೋಯ್, ಬಾ ಬಾ ಬಾ" ಎಂದು ಕರೆದ. ಕೋಣ ಬಂತು. ಇಷ್ಟು ಹೇಳಿ ಪಂಪಣ್ಣ ಸುಮ್ಮನೆ ಚಹಾ ಸೋಸುವ ಬಟ್ಟೆ ಹಿಂಡುತ್ತಾ ನಿಲ್ಲುತ್ತಿದ್ದ. ಮುಂದಿನದನ್ನು ಜನರೇ ಊಹಿಸಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಆಮೇಲೆ ಇನ್ನೊಂದು ಲೋಟ ಚಹಾ ಕೇಳುತ್ತಿದ್ದರು.

ಈ ನಗು ಹೊಸಪೇಟೆಯಲ್ಲೇ ನಿಂತಿದ್ದರೆ ಉಚ್ಚೆಂಗಪ್ಪನಿಗೆ ಅಡ್ಡಿಯಿರಲಿಲ್ಲ. ನಿಲ್ಲುತ್ತದೆಯೇ? ರೈಲು ಹತ್ತಿತು, ಬಂಡಿ ಹತ್ತಿತು, ಕಂಪ್ಲಿಯ ಹೊಳೆದಂಡೆಗೂ ಬಂತು. ಅವನು ಕುಂಟುತ್ತಾ ಗದ್ದೆಗೆ ಹೊರಟರೆ ಗಡ್ಡ ಬಂದ ಗಂಡಸರೂ ಹಿಂದಿನಿಂದ ಕೋಣದಂತೆ ಗುಟುರು ಹಾಕುತ್ತಿದ್ದರು. ನಮ್ಮ ಕೋಣ ಹಗ್ಗ ಹರಿದುಕೊಂಡು ಹೋಗಿದೆ, ನಿನ್ನ ಮಾತಾದರೆ ಕೇಳುತ್ತದೆ, ಒಂದು ಸಲ ಕರೆದು ಕೊಡು ಎನ್ನುತ್ತಿದ್ದರು. ಅವನು ತಲೆ ತಗ್ಗಿಸಿ ಹೋಗುತ್ತಿದ್ದ. ಆ ತಲೆ ತಗ್ಗಿದ್ದನ್ನೇ ಜನ ಒಪ್ಪಿಗೆ ಎಂದುಕೊಂಡರು. ನೋಡ್ರಿ ಇವರ ನ್ಯಾಯ!

ನಡೆದದ್ದೇ ಬೇರೆ.

ದೊರೆಗೆ ಅಲ್ಲಿ ಸಾಮಾನಿನ ಬಂಡಿಗಳಿಗೆ ಎತ್ತು ಬಲ್ಲ ಮನುಷ್ಯ ಬೇಕಾಗಿದ್ದ. ಪಂಪಣ್ಣ ತನ್ನ ಭಾವನ ಹೆಸರು ಹೇಳಿದ. ತಂಗಿ ಹೊಳೆಮ್ಮನನ್ನು ಪಂಪಣ್ಣನಿಗೆ ಕೊಟ್ಟು ಆಗ ಇನ್ನೂ ವರ್ಷ ತುಂಬಿರಲಿಲ್ಲ. ತಾಯಿಯಿಲ್ಲದ ತಂಗಿಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಉಚ್ಚೆಂಗಪ್ಪ. ಹೊರಡುವ ದಿನ ಅವಳು ಗಂಡನ ಕಾಲಿಗಲ್ಲ, ಅಣ್ಣನ ಕಾಲಿಗೆ ಬಿದ್ದಳು. ಅವನನ್ನು ಹುಷಾರಾಗಿ ಕರೆದುಕೊಂಡು ಬಾ ಎಂದು ಅತ್ತಳು. ಉಚ್ಚೆಂಗಪ್ಪ ಆಗಲಿ ಎಂದ. ಆ ಒಂದು ಮಾತು ಕೊಟ್ಟು ಹಡಗು ಹತ್ತಿದ.

ಅಲ್ಲಿ ಅವನು ಕಂಡದ್ದು ಕಡಿಮೆಯೇ? ಮರದ ತುದಿಯ ಚಿಗುರನ್ನು ನಿಂತಲ್ಲಿಂದಲೇ ಮೇಯುವ ಜಿರಾಫೆಗಳು, ಸಾಲುಗಟ್ಟಿ ನೀರಿಗೆ ಇಳಿಯುವ ಪಟ್ಟೆ ಕುದುರೆಗಳು. ಒಂದು ಮುಂಜಾನೆ ಖಡ್ಗಮೃಗವೊಂದು ಯಾವ ಕಾರಣವೂ ಇಲ್ಲದೆ ಓಡಿಬಂದು ಹಿಂದಿನ ಬಂಡಿಯನ್ನು ಮಗುಚಿ, ಹಿಂದಿರುಗಿ ಕೂಡ ನೋಡದೆ ತನ್ನ ಪಾಡಿಗೆ ತಾನು ಹೋಯಿತು. ಸಿಂಹ ಗರ್ಜಿಸಿದರೆ ಎತ್ತುಗಳು ನಿಂತಲ್ಲೇ ನಡುಗುತ್ತಿದ್ದವು. ಉಚ್ಚೆಂಗಪ್ಪ ಅವುಗಳ ಗಂಗೆದೊಗಲು ಸವರುತ್ತಾ ಕನ್ನಡದಲ್ಲಿ ಸಮಾಧಾನ ಹೇಳುತ್ತಿದ್ದ. ಆನೆಗಳ ಹಿಂಡು ಕಂಡರೆ ಕೈಮುಗಿಯುತ್ತಿದ್ದ. ಆದರೆ ಅಲ್ಲಿಯ ಕೋಣ ಕಂಡ ಮೊದಲ ದಿನವೇ ಅವನು ಎರಡು ಹೆಜ್ಜೆ ಹಿಂದೆ ಸರಿದಿದ್ದ. ಬಣ್ಣ ಕಂಪ್ಲಿಯ ಕೋಣದ್ದೇ, ಕೆಸರಲ್ಲಿ ಹೊರಳುವ ಚಾಳಿಯೂ ಅದೇ. ಆದರೆ ಎರಡು ಕೊಂಬಿನ ಬುಡಗಳು ಹಣೆಯ ಮೇಲೆ ಕೂಡಿ ಬಂಡೆಯಾಗಿದ್ದವು, ಮತ್ತು ಕಣ್ಣಿನಲ್ಲಿ ಮನೆಯ ದನದ ಗುರುತೇ ಇರಲಿಲ್ಲ. ಇದು ನಮ್ಮದಲ್ಲ ಎಂದು ಪಂಪಣ್ಣನಿಗೆ ಹೇಳಿದವನು ಅವನೇ. ದನದ ಜೊತೆ ಜೀವಮಾನ ಕಳೆದವನಿಗೆ ಅಷ್ಟು ತಿಳಿಯುವುದಿಲ್ಲವೇ?

ದೊರೆ ಒಂದು ಸಂಜೆ ಒಂಟಿ ಕೋಣಕ್ಕೆ ಗುಂಡು ಹೊಡೆದ. ಅದು ಸಾಯಲಿಲ್ಲ, ಜೊಂಡಿನೊಳಗೆ ಹೊಕ್ಕಿತು. ಮರುದಿನ ಬೆಳಗ್ಗೆ ಅದರ ರಕ್ತದ ಜಾಡು ಹಿಡಿದು ಹೊರಟರು. ಮುಂದೆ ದೊರೆ ಮತ್ತು ಅಲ್ಲಿಯ ಜಾಡುಗಾರ. ಸ್ವಲ್ಪ ಹಿಂದೆ ದೊರೆಯ ಎರಡನೆಯ ಬಂದೂಕು ಹೊತ್ತ ಪಂಪಣ್ಣ, ಅವನ ಜೊತೆ ಉಚ್ಚೆಂಗಪ್ಪ. ಗಾಯಗೊಂಡ ಆ ಕೋಣ ಸುತ್ತು ಹಾಕಿ ಬಂದು, ತನ್ನದೇ ಜಾಡಿನ ಪಕ್ಕದಲ್ಲಿ ಕಾಯುತ್ತಾ ನಿಂತಿತ್ತು. ದೊರೆಯನ್ನು ಮುಂದೆ ಹೋಗಲು ಬಿಟ್ಟು ಹಿಂದಿದ್ದ ಇವರ ಮೇಲೆ ಬಂತು.

ಪಂಪಣ್ಣ ಬಂದೂಕು ಬಿಸಾಡಿ ಓಡಿದ. ಉಚ್ಚೆಂಗಪ್ಪನೂ ಓಡಿದ, ಸುಳ್ಳೇಕೆ ಹೇಳಬೇಕು. ಅವನು ಮರ ತಲುಪಿ ಕೊಂಬೆ ಹಿಡಿದು ಒಂದು ಕಾಲು ಮೇಲಿಟ್ಟಿದ್ದ. ತಿರುಗಿ ನೋಡಿದರೆ ಪಂಪಣ್ಣ ಬೇರಿಗೆ ಎಡವಿ ಮಕಾಡೆ ಬಿದ್ದಿದ್ದಾನೆ, ಕೋಣ ತಲೆ ತಗ್ಗಿಸಿ ಅವನ ಮೇಲೆಯೇ ಬರುತ್ತಿದೆ. ಉಚ್ಚೆಂಗಪ್ಪ ಕೊಂಬೆ ಬಿಟ್ಟು ಕೆಳಗೆ ಹಾರಿದ. ಹೇಗಾದರೂ ಅದರ ಗಮನ ತನ್ನ ಕಡೆ ಎಳೆಯಬೇಕು, ಏನು ಕೂಗಬೇಕು? ಹುಟ್ಟಿದಾಗಿನಿಂದ ಹೊಳೆದಂಡೆಯಲ್ಲಿ ಕೂಗಿದ್ದೇ ಬಾಯಿಗೆ ಬಂತು. ಕೈ ಚಾಚಿ ಕೂಗಿದ. ಕೋಣ ತಿರುಗಿತು. ಪಂಪಣ್ಣ ಎದ್ದು ಅದೇ ಮರ ಹತ್ತಿದ.

ತೊಡೆಗೆ ಕೊಂಬು ಹೊಕ್ಕು ಹೊರಬಂದಾಗ ಉಚ್ಚೆಂಗಪ್ಪ ಮರದ ಬುಡದಲ್ಲೇ ಬಿದ್ದಿದ್ದ. ಕೋಣ ಮತ್ತೊಮ್ಮೆ ತಿರುಗಿ ಬರುವಷ್ಟರಲ್ಲಿ ಕೈ ಮೇಲೆತ್ತಿ, ಕೈ ಕೊಡೋ ಪಂಪಾ ಎಂದ. ಪಂಪಣ್ಣ ಕೈ ಕೊಡಲಿಲ್ಲ. ಕಾಲುಗಳನ್ನೂ ಮೇಲೆ ಎಳೆದುಕೊಂಡ. ಆ ಎಳೆದುಕೊಂಡ ಕಾಲುಗಳನ್ನು ಉಚ್ಚೆಂಗಪ್ಪ ಸಾಯುವ ತನಕ ಮರೆಯುವಂತಿರಲಿಲ್ಲ. ಅಷ್ಟರಲ್ಲಿ ದೊರೆ ಓಡಿಬಂದು ಕೋಣವನ್ನು ಕೆಡವಿದ. ಬಂದೂಕು ಎಲ್ಲಿ ಎಂದು ಕೇಳಿದ. ಬಿಸಾಡಿದೆ ಎಂದರೆ ಕೆಲಸ ಹೋಗುತ್ತಿತ್ತು. ಪಂಪಣ್ಣ ಮರದಿಂದ ಇಳಿದು ದೊರೆಯ ಭಾಷೆಯಲ್ಲಿ ಏನೋ ಹೇಳಿದ, ಕೈ ಚಾಚಿ ತೋರಿಸಿದ. ದೊರೆ ನಕ್ಕ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ರಕ್ತದ ಮಡುವಿನಲ್ಲಿ ಬಿದ್ದ ಉಚ್ಚೆಂಗಪ್ಪನಿಗೆ ಮಾತು ತಿಳಿಯಲಿಲ್ಲ. ತಾನು ಉಳಿದದ್ದಕ್ಕೇ ದೊರೆ ಸಂತೋಷಪಡುತ್ತಿದ್ದಾನೆ ಎಂದುಕೊಂಡು ಅವನೂ ಒಂದಿಷ್ಟು ನಕ್ಕ.

ಅಲ್ಲಿಯ ಆಸ್ಪತ್ರೆಯಲ್ಲಿ ಬಹಳ ಕಾಲ ಮಲಗಿ, ಒಂದು ಕಾಲು ಗಿಡ್ಡವಾಗಿ, ಕೊನೆಗೆ ಊರು ಸೇರಿದಾಗ ಕಥೆ ಅವನಿಗಿಂತ ಮೊದಲೇ ಮನೆ ತಲುಪಿತ್ತು. ಹಾಗಲ್ಲ ಎಂದು ಒಬ್ಬಿಬ್ಬರಿಗೆ ಹೇಳಿ ನೋಡಿದ. ಹೌದಪ್ಪಾ ಹೌದು ಎಂದು ಕಣ್ಣು ಮಿಟುಕಿಸಿದರು. ಆಮೇಲೆ ಬಿಟ್ಟುಬಿಟ್ಟ. ನಿಜ ಗೆದ್ದರೆ ಹೊಳೆಮ್ಮನ ಗಂಡ ಹೇಡಿಯಾಗುತ್ತಾನೆ. ಅವಳಿಗೆ ಇದು ಗೊತ್ತಾಗದಿರಲಿ, ತನ್ನ ಹೊಟ್ಟೆಯಲ್ಲೇ ಇರಲಿ ಎಂದುಕೊಂಡ.

ಆದರೆ ಈಗ ಅವನ ಮಗಳು ತಾಯಕ್ಕ ಮದುವೆಗೆ ಬಂದಿದ್ದಳು. ಗಾದಿಗನೂರಿನ ಗಾದಿಲಿಂಗಪ್ಪ ಎಂಬ ಗಟ್ಟಿ ಕುಳ, ಒಳ್ಳೆಯ ಮನುಷ್ಯ, ತನ್ನ ಮಗನಿಗೆ ಕೇಳಿದ್ದ. ಎರಡು ಸಂಬಂಧ ಈಗಾಗಲೇ ಬಾಗಿಲ ತನಕ ಬಂದು ಹಿಂದೆ ಸರಿದಿದ್ದವು. ಅಪ್ಪನ ತಲೆ ನೆಟ್ಟಗಿಲ್ಲವಂತೆ, ನಾಳೆ ಮಕ್ಕಳಿಗೆ ಬಂದರೆ ಎಂದು ಅವರು ಆಡಿಕೊಂಡದ್ದು ತಾಯಕ್ಕನ ಕಿವಿಗೂ ಬಿದ್ದಿತ್ತು. ಇದೂ ತಪ್ಪಿದರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ ಎಂದು ಉಚ್ಚೆಂಗಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಅದಕ್ಕೇ ಅವನು ಹಂಪಿಗೆ ಹೋಗುವ ನೆಪ ಮಾಡಿ ಪಂಪಣ್ಣನನ್ನು ಕಂಡ. ನಿನ್ನ ಮಾನ ಕಳೆಯುವುದು ಬೇಡ, ನೀನು ಬಿದ್ದದ್ದು ಹೇಳಬೇಡ, ಬಂದೂಕು ಹೇಳಬೇಡ. ಉಚ್ಚೆಂಗಪ್ಪ ಬುದ್ಧಿ ಇದ್ದೇ ಕರೆದ, ಬೇರೆಯವರನ್ನು ಉಳಿಸಲು ಕರೆದ ಎಂದಷ್ಟೇ ಅನ್ನು ಎಂದು ಬೇಡಿಕೊಂಡ. ಪಂಪಣ್ಣನ ಕಣ್ಣು ತುಂಬಿತು. ಭಾವನ ಎರಡೂ ಕೈ ಹಿಡಿದು, ಪಂಪಾಪತಿಯ ಆಣೆ ಮಾಡಿದ. ಮಾತುಕತೆ ತನ್ನ ಅಂಗಡಿಯಲ್ಲೇ ಆಗಲಿ, ತಾನೇ ಮುಂದೆ ನಿಂತು ನಡೆಸುತ್ತೇನೆ ಎಂದ. ಉಚ್ಚೆಂಗಪ್ಪ ಆ ದಿನ ಕಂಪ್ಲಿಯ ದಾರಿಯುದ್ದಕ್ಕೂ ಹಗುರಾಗಿ ನಡೆದ. ನಂಬುವುದೇ ಅವನ ಹಣೆಬರಹ.

ಗೊತ್ತು ಮಾಡಿದ ದಿನ ಉಚ್ಚೆಂಗಪ್ಪ ಮಗಳನ್ನು ಕರೆದುಕೊಂಡು ಹೊಸಪೇಟೆಗೆ ಬಂದ, ಗಾದಿಲಿಂಗಪ್ಪನೂ ಬಂದ. ಅಂಗಡಿಯ ಹಿಂದಿನ ಒಳಮನೆಗೆ ಹೋಗಿ ಹುಡುಗಿಯನ್ನು ನೋಡಿದ, ಒಪ್ಪಿದ, ಹೊರಗೆ ಬಂದು ಬೆಂಚಿನ ಮೇಲೆ ಕುಳಿತ. ಅಂಗಡಿಯಲ್ಲಿ ದಿನದ ಗಿರಾಕಿಗಳು ಕಿವಿ ನೆಟ್ಟಗೆ ಮಾಡಿಕೊಂಡಿದ್ದರು.

"ಹುಡುಗಿ ಚೊಲೊ ಅದಾಳ," ಎಂದ ಗಾದಿಲಿಂಗಪ್ಪ. "ಒಂದೇ ಮಾತು ಐತಿ, ಬೀಗರು ಸಿಟ್ಟಾಗಬ್ಯಾಡ್ರಿ. ಪಂಪಣ್ಣ, ನೀ ಕಣ್ಣಾರೆ ಕಂಡಾಂವ. ಇವರು ಬುದ್ಧಿ ಇದ್ದು ಕರೆದರೋ, ಇಲ್ದ ಕರೆದರೋ?"

ಪಂಪಣ್ಣ ಉಚ್ಚೆಂಗಪ್ಪನ ಮುಖ ನೋಡಿದ. ಆಮೇಲೆ ಗಿರಾಕಿಗಳ ಮುಖ ನೋಡಿದ. ಬುದ್ಧಿ ಇದ್ದು ಕರೆದ ಎಂದರೆ, ಯಾರನ್ನು ಉಳಿಸಲು, ಆಗ ನೀನೆಲ್ಲಿದ್ದೆ ಎಂದು ಅವರು ಕೇಳದೆ ಬಿಡುವವರಲ್ಲ.

"ಆಫ್ರಿಕಾದ ಬಿಸ್ಲು ಭಾಳ ಕೆಟ್ಟದ್ರಿ ಯಜಮಾನ್ರ," ಎಂದ. "ಎಂಥವರ ತಲಿನೂ ತಿರುಗತೈತಿ. ಈಗೇನ್ ಅಡ್ಡಿ ಇಲ್ರಿ, ನಮ್ಮ ಭಾವ ಆರಾಮ ಅದಾನ."

ಉಚ್ಚೆಂಗಪ್ಪ ಸುಳ್ಳು ಎಂದು ಎದ್ದ. ಬಿದ್ದವನು ಇವನು, ಮರದಿಂದ ಇಳಿದವನು ನಾನು ಎಂದ. ಗಿಡ್ಡ ಕಾಲು ಜಾರಿ ಬೆಂಚಿಗೆ ತಾಗಿ ಮುಗ್ಗರಿಸಿದ. ಹಿಂದೆ ಯಾರೋ ಮೆಲ್ಲಗೆ ಗುಟುರು ಹಾಕಿದರು. ಇಡೀ ಅಂಗಡಿ ನಕ್ಕಿತು. ಪಂಪಣ್ಣ ನಗಲಿಲ್ಲ, ಆದರೆ ನಿಲ್ಲಿಸಲೂ ಇಲ್ಲ. ಗಾದಿಲಿಂಗಪ್ಪ ಮಾತ್ರ ಮರ್ಯಾದೆಯಿಂದ ಎದ್ದು ಶಲ್ಯ ಸರಿಮಾಡಿಕೊಂಡ. ಮನೆಯಲ್ಲಿ ಹಿರಿಯರನ್ನು ಕೇಳಿ ತಿಳಿಸುತ್ತೇವೆ ಎಂದ. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು.

ಉಚ್ಚೆಂಗಪ್ಪ ಹಿಂದಿನ ಒಳಮನೆಗೆ ಹೋದ. ಹೊಳೆಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮೂಲೆಯಲ್ಲಿ ತಾಯಕ್ಕ ಮುಖ ಆ ಕಡೆ ಮಾಡಿ ಕುಳಿತಿದ್ದಳು. ಇನ್ನು ಯಾರಿಗಾಗಿ ಮುಚ್ಚಿಡುವುದು? ಇಷ್ಟು ವರ್ಷ ಕಟ್ಟಿಟ್ಟದ್ದನ್ನೆಲ್ಲ ಅವನು ತಂಗಿಯ ಮುಂದೆ ಬಿಚ್ಚಿದ. ಮರ, ಬೇರು, ಕೂಗು, ಮೇಲೆ ಎಳೆದುಕೊಂಡ ಕಾಲು, ಒಂದನ್ನೂ ಬಿಡಲಿಲ್ಲ. ಈಗ ಹೊರಗೆ ಹೋಗಿ ನಿನ್ನ ಗಂಡನ ಬಾಯಿಂದ ನಿಜ ಹೇಳಿಸು, ಗಾದಿಲಿಂಗಪ್ಪ ಇನ್ನೂ ಸ್ಟೇಷನ್ ತಲುಪಿರಲಿಕ್ಕಿಲ್ಲ ಎಂದ.

ಹೊಳೆಮ್ಮನ ಕೈ ಅಕ್ಕಿಯಲ್ಲೇ ಇತ್ತು.

"ನನಗ ಗೊತ್ತೈತಿ ಅಣ್ಣ," ಎಂದಳು. "ಬಂದ ದಿನಾನ ನನ್ನ ಮುಂದ ಅತ್ತು ಹೇಳ್ಯಾನ."

ಉಚ್ಚೆಂಗಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಇವಳಿಗೆ ಗೊತ್ತಿತ್ತು. ಹಬ್ಬಕ್ಕೆ ಬಂದು ಹೋಳಿಗೆ ಬಡಿಸುವಾಗ ಗೊತ್ತಿತ್ತು. ಅವಳ ಮಕ್ಕಳು ಸೋದರಮಾವನ ಮುಂದೆ ಕೈ ಚಾಚಿ ಕೋಣ ಕರೆದು ಆಡುವಾಗ, ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳಲ್ಲ, ಆಗಲೂ ಗೊತ್ತಿತ್ತು.

"ನನ್ನ ಮಕ್ಳು ನಾಳೆ ಆ ಅಂಗಡ್ಯಾಗ ಕುಂದ್ರಬೇಕು," ಎಂದಳು ಹೊಳೆಮ್ಮ. "ಅವರಪ್ಪ ಹೇಡಿ ಅಂದ್ರ ಯಾರ್ ಬರ್ತಾರ? ನೀ ಏನೂ ಅನ್ಕೊಬ್ಯಾಡ. ನಿನಗ ಹೆಂಗೂ ರೂಢಿ ಆಗೈತಿ."

ಮೂಲೆಯಲ್ಲಿದ್ದ ತಾಯಕ್ಕ ಈ ಕಡೆ ತಿರುಗಿದಳು. ಅತ್ತೆಯ ಮುಖವನ್ನು ಒಮ್ಮೆ ನೋಡಿ, ಎದ್ದು ಬಂದು ಅಪ್ಪನ ತೋಳು ಹಿಡಿದಳು.

"ಅವತ್ತು ಮರದ ಮ್ಯಾಲ ಕಾಲಿಟ್ಟಾಗ ನಿನ್ನ ಮಾರಿ ಕಣ್ಮುಂದ ಬಂತು ತಂಗಿ," ಎಂದ ಉಚ್ಚೆಂಗಪ್ಪ. "ಅದಕ್ಕ ಇಳಿದ್ನಿ. ನಿನ್ನ ಮಾರಿ ಬರಬಾರದಿತ್ತು."

ಅಪ್ಪ ಮಗಳು ಹಿತ್ತಲ ಬಾಗಿಲಿಂದಲೇ ಹೊರಬಿದ್ದು ಕಂಪ್ಲಿಯ ದಾರಿ ಹಿಡಿದರು. ಉಂಡು ಹೋಗ್ರಿ ಎಂದು ಹೊಳೆಮ್ಮ ಒಳಗಿನಿಂದ ಕೂಗಿದಳು. ಇಬ್ಬರೂ ತಿರುಗಿ ನೋಡಲಿಲ್ಲ.