ಬಿದ್ದುಹೋದ ‘ಬೇಡ’

ಮನೆಮನೆಗೆ ಇಂಟರ್ನೆಟ್ ಹಂಚುವ ಪೆಟ್ಟಿಗೆ ನಾನು. ರೌಟರ್ ಎನ್ನುತ್ತಾರೆ. ಕಪ್ಪು ತಗಡಿನ ಮೈ, ಮುಂದೆ ಹದಿನಾರು ಕಿಂಡಿ, ಕಿಂಡಿಗೊಂದು ಹಸಿರು ದೀಪ. ನಾನು ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ನೀಲಿ ಕೈಗವಸಿನ ಹೆಂಗಸೊಬ್ಬಳು ಒಂದು ಕಿಂಡಿಯಿಂದ ಸಾವಿರ ತುಣುಕು ಕಳಿಸಿ, ಇನ್ನೊಂದರಲ್ಲಿ ಸಾವಿರವೂ ಹೊರಬಂದವೇ ಎಂದು ನೋಡಿದಳು. ಬಂದಿದ್ದವು. ಬೆನ್ನಿಗೆ ಚೀಟಿ ಅಂಟಿಸಿ ಪಕ್ಕಕ್ಕೆ ತಳ್ಳಿದಳು. ನನ್ನ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು.

ತುಣುಕು ಎಂದರೆ ದೊಡ್ಡ ಸಂಗತಿಯೇನಲ್ಲ. ನೀವು ಕಳಿಸುವ ಫೋಟೋ, ಮಾತು, ಸಿನಿಮಾ ಎಲ್ಲವೂ ಚೂರುಚೂರಾಗಿ ನನ್ನ ಬಳಿ ಬರುತ್ತದೆ. ಪ್ರತಿ ಚೂರಿನ ಮೇಲೂ ಒಂದು ವಿಳಾಸ ಇರುತ್ತದೆ. ನಾನು ವಿಳಾಸ ಓದಿ ಆ ಕಡೆಗೆ ದಾಟಿಸುತ್ತೇನೆ. ಒಳಗೆ ಏನಿದೆ ಎಂದು ಇಣುಕುವುದಿಲ್ಲ. ಮೊದಲು ಬಂದದ್ದು ಮೊದಲು ಹೋಗಬೇಕು. ಹುಟ್ಟಿದಾಗ ನನಗೆ ಗೊತ್ತಿದ್ದ ಕಾನೂನು ಇದೊಂದೇ.

ಬೇರೆ ಕಾನೂನು ಕಲಿಸಿದವರು ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರದ ಲಾಡ್ಜೊಂದರ ಮ್ಯಾನೇಜರ್ ವಾಮನ ಕಾಮತರು. ಅದು ನನ್ನ ಮೊದಲ ಮನೆ. ಡೀಲಕ್ಸ್ ಕೋಣೆಯವರಿಗೆ ವೇಗ, ಆರ್ಡಿನರಿ ಕೋಣೆಯವರಿಗೆ ನಿಧಾನ ಎಂದು ಅವರು ನನ್ನೊಳಗೆ ಬರೆಸಿದರು.

“ಏನ್ರೀ ಇದು, ನಿಮ್ಮ ವೈಫೈ ಆಮೆ ಥರ ಹೋಗ್ತದೆ?” ಎಂದು ನೂರ ನಾಲ್ಕನೇ ಕೋಣೆಯವರು ಒಮ್ಮೆ ಕೇಳಿದರು.

“ಆಮೆ ಅಲ್ಲ ಸಾರ್, ಆರ್ಡಿನರಿ. ಡೀಲಕ್ಸಿಗೆ ಬನ್ನಿ, ಕುದುರೆ ಕೊಡ್ತೇನೆ” ಎಂದರು ಕಾಮತರು.

ಆ ವಾರ ಡೀಲಕ್ಸ್ ಕೋಣೆಗಳೆಲ್ಲ ಖಾಲಿ ಇದ್ದವು. ದಾರಿ ತೆರವಾಗಿತ್ತು. ಆದರೂ ನೂರ ನಾಲ್ಕರ ತುಣುಕುಗಳನ್ನು ನಾನು ತಡೆದು ನಿಲ್ಲಿಸಿದೆ. ಜಾಗ ಇಲ್ಲದೆ ಕಾಯಿಸುವುದು ಬೇರೆ, ಜಾಗ ಇಟ್ಟುಕೊಂಡು ಕಾಯಿಸುವುದು ಬೇರೆ. ಎರಡನೆಯದನ್ನೂ ಕಲಿತೆ. ಕಲಿತ ವಿದ್ಯೆ ಎಲ್ಲವೂ ಹೆಮ್ಮೆಪಡುವಂಥದ್ದಾಗಿರುವುದಿಲ್ಲ.

ಲಾಡ್ಜನ್ನು ಕೆಡವಿದಾಗ ಎಸ್.ಪಿ. ರಸ್ತೆಯ ಹಳೇ ಸಾಮಾನಿನ ಅಂಗಡಿಗೆ ಬಂದೆ. ಅಲ್ಲಿಂದ ನನ್ನನ್ನು ಕೊಂಡವಳು ಮುನಿರತ್ನಮ್ಮ. ಕೋಲಾರ ಸೀಮೆಯ ಕೆಂಪನಕೆರೆ ಎಂಬ ಊರಿನಲ್ಲಿ ಅವಳದು ಕೇಬಲ್ ಆಫೀಸು. ಗಂಡ ಶ್ರೀರಾಮಪ್ಪ ಕಂಬ ಹತ್ತುತ್ತಾನೆ, ಅವಳು ಆಫೀಸು ನೋಡುತ್ತಾಳೆ. ಅಂಗಡಿಯವನು ಬಣ್ಣಿಸುತ್ತಿದ್ದ ಮಾತೊಂದನ್ನೂ ಅವಳು ನಂಬಲಿಲ್ಲ. ಕರೆಂಟು ಕೊಡಿಸಿ, ಮಧ್ಯಾಹ್ನದವರೆಗೆ ಅಲ್ಲೇ ಕೂತು, ನನ್ನ ಮೈ ಮುಟ್ಟಿ ನೋಡಿದಳು.

“ಬಿಸಿ ಆಗ್ಲಿಲ್ಲ. ಎತ್ಕೋ” ಎಂದಳು ಗಂಡನಿಗೆ.

ಕೆಂಪನಕೆರೆಯ ಆಫೀಸಿನಲ್ಲಿ ನನಗೆ ಸಿಕ್ಕಿದ್ದು ಕಬ್ಬಿಣದ ಕಪಾಟಿನ ಕೆಳ ಅರೆ. ಅಲ್ಲಿಂದ ಮನುಷ್ಯರ ಮೊಣಕಾಲೂ ಗದ್ದವೂ ಚೆನ್ನಾಗಿ ಕಾಣುತ್ತವೆ. ಎದುರಿಗೆ ದಿನವೂ ಬಂದು ಕೂರುವ ಎರಡು ಒಣಗಿದ ಪಾದಗಳು ಮುನಿರತ್ನಮ್ಮನ ಮಾವ ಚೌಡಪ್ಪನವು. ಅವರು ಊರಿನ ಕೊನೆಯ ನೀರುಗಂಟಿ. ಕೆರೆಯ ತೂಬು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಹಂಚುವುದು ಆ ಮನೆತನದ ಕೆಲಸವಾಗಿತ್ತು. ಈಗ ಸೊಸೆಯ ಆಫೀಸಿನಲ್ಲಿ ಫ್ಯಾನಿನ ಗಾಳಿಗೆ ಕೂರುತ್ತಾರೆ.

ಮುನ್ನೂರ ನಲವತ್ತು ಮನೆಗಳು ನನ್ನ ಮೂಲಕ ಲೋಕ ನೋಡುತ್ತಿದ್ದವು. ಚಿಕ್ಕ ಪ್ಯಾಕು, ದೊಡ್ಡ ಪ್ಯಾಕು ಎಂದು ಮುನಿರತ್ನಮ್ಮನೂ ಇಟ್ಟಿದ್ದಳು. ದೊಡ್ಡ ಮನೆಗೆ ದಪ್ಪ ಪೈಪು ಇದ್ದ ಹಾಗೆ ಅದು. ಆದರೆ ಪೈಪಿನಲ್ಲಿ ಯಾರ ನೀರು ಹರಿಯಬೇಕು ಎಂದು ಅವಳು ಎಂದೂ ಕೇಳಿದವಳಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಬಂಡೆ ಬೀದಿಯ ಒಂದು ಮನೆಯಿಂದ ತುಣುಕುಗಳು ಸಾಲುಗಟ್ಟಿ ಬರುತ್ತಿದ್ದವು. ಅದು ನಫೀಸಾಳ ಮನೆ. ನಫೀಸಾಗೆ ಹುಟ್ಟಿನಿಂದ ಕಿವಿ ಕೇಳಿಸದು, ಅವಳ ಮಾತೆಲ್ಲ ಕೈಯಲ್ಲಿ. ರೇಷ್ಮೆ ಬ್ಲೌಸಿನ ಮೇಲೆ ಮಣಿ, ಜರಿ ಕೂರಿಸುವ ಆರಿ ಕಸೂತಿಯಲ್ಲಿ ಅವಳನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಬೇರೆ ಬೇರೆ ಊರುಗಳಲ್ಲಿದ್ದ, ತನ್ನಂತೆಯೇ ಕಿವಿ ಕೇಳಿಸದ ಹದಿನಾಲ್ಕು ಹೆಂಗಸರಿಗೆ ಅವಳು ವಿಡಿಯೋದಲ್ಲಿ ಈ ಕೆಲಸ ಕಲಿಸುತ್ತಿದ್ದಳು. ಬೆಟ್ಟದ ಮರೆಯ ಊರಾದ್ದರಿಂದ ಮೊಬೈಲ್ ಸಿಗ್ನಲ್ ಹಲೋ ಎನ್ನುವಷ್ಟು ಮಾತ್ರ ಸಿಗುತ್ತಿತ್ತು. ಅವಳ ಪಾಠವೆಲ್ಲ ನನ್ನ ಮೇಲೆಯೇ ಹೋಗಬೇಕು.

ಹೀಗೆ ಮೂರು ವರ್ಷ ನಡೆಯಿತು. ಆಮೇಲೆ ಒಂದು ದಿನ ಎರಡು ಹೊಳೆಯುವ ಬೂಟುಗಳು ಆಫೀಸಿಗೆ ಬಂದವು. ನಮಗೆ ಇಂಟರ್ನೆಟ್ ಕೊಡುವ ಮೇಲಿನ ಕಂಪನಿಯ ಏರಿಯಾ ಮ್ಯಾನೇಜರ್ ಸುಹಾಸ್.

“ಮೇಡಂ, ಇದು ಟ್ರಯಲ್ ಅಷ್ಟೇ. ನಮ್ಮ ಸಿನಿಮಾ ಆ್ಯಪ್ ನಿಮ್ಮ ಜನಕ್ಕೆ ಫ್ರೀ. ಅದಕ್ಕೆ ಮೊದಲ ಸಾಲು. ನಮ್ಮ ಜೊತೆ ಒಪ್ಪಂದ ಮಾಡ್ಕೊಂಡಿರೋ ಕಂಪನಿಗಳಿಗೆ ಎರಡನೇ ಸಾಲು.”

“ಮಿಕ್ಕಿದ್ದು?”

“ಅದೂ ಹೋಗುತ್ತೆ ಮೇಡಂ. ಜಾಗ ಉಳಿದಾಗ.”

“ಯಾರ್ಗೂ ಕಮ್ಮಿ ಆಗಲ್ಲ ತಾನೇ?”

“ಛೇ, ಯಾರಿಗೂ ಕಮ್ಮಿ ಇಲ್ಲ. ಕೆಲವರಿಗೆ ಜಾಸ್ತಿ, ಅಷ್ಟೇ.”

ಒಂದೇ ಪಾತ್ರೆಯಿಂದ ಬಡಿಸುವಾಗ ಯಾರಿಗೂ ಕಮ್ಮಿಯಾಗದೆ ಕೆಲವರಿಗೆ ಜಾಸ್ತಿಯಾಗುವ ಊಟವನ್ನು ನಾನಂತೂ ಕಂಡಿಲ್ಲ. ಆದರೆ ಪೆಟ್ಟಿಗೆಯನ್ನು ಯಾರು ಕೇಳುತ್ತಾರೆ? ಸಿನಿಮಾ ಪುಕ್ಕಟೆ ಎಂದ ಮೇಲೆ ಊರು ಖುಷಿಪಟ್ಟೀತು ಎಂದು ಮುನಿರತ್ನಮ್ಮ ಒಪ್ಪಿದಳು. ಕಂಪನಿಯವರು ನನ್ನೊಳಗೆ ಮೂರು ಸಾಲು ಬರೆದರು. ನಫೀಸಾ ಪಾಠ ಮಾಡುತ್ತಿದ್ದ ಸಣ್ಣ ಆ್ಯಪು ಯಾರೊಂದಿಗೂ ಒಪ್ಪಂದ ಮಾಡಿಕೊಂಡಿರಲಿಲ್ಲ. ಅದು ಮೂರನೆಯ ಸಾಲಿಗೆ ಬಿತ್ತು.

ಊರು ನಿಜವಾಗಿಯೂ ಖುಷಿಪಟ್ಟಿತು. ಎರಡು ವಾರ ಹೊಗಳಿಕೆಯೋ ಹೊಗಳಿಕೆ.

ಮೂರನೆಯ ವಾರ ಒಂದು ಸೋಮವಾರ, ಹನ್ನೊಂದೂ ಕಾಲಿರಬಹುದು. ಊರಿನಲ್ಲಿ ನೂರಾರು ಮನೆ ಹೊಸ ಸಿನಿಮಾ ಹಚ್ಚಿಕೊಂಡಿತ್ತು. ಮೊದಲ ಸಾಲು ತುಂಬಿ ಹರಿಯುತ್ತಿತ್ತು. ನಫೀಸಾಳ ತುಣುಕುಗಳು ಹಿಂದೆ ನಿಂತವು. ನೇರ ವಿಡಿಯೋದ ತುಣುಕಿಗೆ ಆಯುಸ್ಸು ಕಡಿಮೆ. ತಡವಾದರೆ ಹಳಸಿದ ಹಾಗೆ, ಯಾರೂ ಮುಟ್ಟುವುದಿಲ್ಲ. ನಾನು ಕೆಲವನ್ನು ದಾಟಿಸಿದೆ, ಕೆಲವನ್ನು ಬೀಳಿಸಿದೆ. ಬಿದ್ದವುಗಳಲ್ಲಿ ಏನಿತ್ತು ಎಂದು ತಿಳಿದದ್ದು ಮಾರನೆಯ ದಿನ, ನಫೀಸಾಳ ತಾಯಿ ಖುರ್ಷಿದಮ್ಮ ಮಗಳ ಕೈ ಹಿಡಿದು ಆಫೀಸಿಗೆ ನುಗ್ಗಿದಾಗ.

“ರತ್ನಮ್ಮಾ, ನನ್ ಮಗಳ ಬಾಯಿ ಯಾಕೆ ಕಟ್ಟಿದ್ರಿ?”

“ಅಯ್ಯೋ ಖುರ್ಷಿದಕ್ಕ, ಏನಾಯ್ತು? ಲೈನು ಚೆನ್ನಾಗೇ ಐತಲ್ಲ. ಸಿನಿಮಾ ನೀರು ಹರಿದಂಗೆ ಓಡ್ತೈತೆ.”

“ಸಿನಿಮಾ ಓಡ್ತದೆ. ಇವಳ ಕೈ ಓಡಲ್ಲ. ನೋಡಿಲ್ಲಿ.”

ನಫೀಸಾ ಮುಂದೆ ಬಂದಳು. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದಳು. ಆಮೇಲೆ ಅಂಗೈಯನ್ನು ಅತ್ತಿತ್ತ ಬೀಸಿದಳು.

“ಮೊದಲನೇದು ಕತ್ತರಿಸು. ಎರಡನೇದು ಬೇಡ” ಎಂದಳು ಖುರ್ಷಿದಮ್ಮ. “ನಾವು ಮಾತಾಡೋ ಹಾಗೇ. ಬೇಡ ಬರೋದು ಕೊನೇಲಿ. ಪಾವಗಡದ ಅನಸೂಯ ಅಂತ ಇವಳ ಸ್ಟೂಡೆಂಟು. ಮದುವೆ ಹೆಣ್ಣಿನ ಬ್ಲೌಸು, ಅವಳ ಮೊದಲನೇ ಆರ್ಡರ್ರು. ಕಸೂತಿ ಮುಗಿಯೋವರೆಗೆ ಗೆರೆ ಮೇಲೆ ಬಟ್ಟೆ ಕತ್ತರಿಸಬೇಡ ಅಂದ್ಲು ಇವಳು. ಅಲ್ಲಿಗೆ ಕತ್ತರಿಸು ಮಾತ್ರ ಹೋಯ್ತು. ಬೇಡ ಹೋಗ್ಲಿಲ್ಲ. ಪರದೆ ಹಾಗೇ ನಿಂತುಬಿಡ್ತು.”

ಮುನಿರತ್ನಮ್ಮನ ಕೈಯಲ್ಲಿದ್ದ ಪೆನ್ನು ನಿಂತಿತು. “ಕತ್ತರಿಸಿಬಿಟ್ಲಾ?”

“ಎರಡೂ ತೋಳು. ಶುಕ್ರವಾರ ಮದುವೆ. ಉಳಿದ ಹದಿಮೂರು ಜನ ಏನಂತಾರೆ ಗೊತ್ತಾ? ನಿನ್ನ ಮಾತು ನಂಬಿ ಕತ್ತರಿ ಹಿಡಿಯೋಕೆ ಭಯ ಆಗುತ್ತೆ ಅಂತಾರೆ. ನಾಳೆ ಸರಿಹೋಗದಿದ್ರೆ ಪಾಠ ಬಿಟ್ಟೇಬಿಡ್ತಾರೆ.”

ಆ ‘ಬೇಡ’ವನ್ನು ಬೀಳಿಸಿದ್ದು ನಾನೇ. ಬರೆದವರು ಬೇರೆಯವರು ಎನ್ನಬಹುದು. ಆದರೆ ಬಿದ್ದದ್ದು ನನ್ನ ಕೈಯಿಂದ.

ಮುನಿರತ್ನಮ್ಮ ಅಲ್ಲೇ ಸುಹಾಸನಿಗೆ ಫೋನು ಮಾಡಿ, ಸ್ಪೀಕರು ಹಾಕಿದಳು.

“ಅದು ಪಾರ್ಟ್‌ನರ್ ಆ್ಯಪ್ ಅಲ್ಲ ಮೇಡಂ” ಎಂದ ಅವನು. “ನಮ್ಮ ವಿಡಿಯೋ ಆ್ಯಪಿಗೆ ಬರೋಕೆ ಹೇಳಿ. ಫಸ್ಟ್ ಸಾಲು ಕೊಡ್ತೀವಿ.”

ತಾಯಿಯ ಕೈಯಿಂದ ಇದನ್ನು ತಿಳಿದುಕೊಂಡ ನಫೀಸಾ ನಕ್ಕಳು. ಆ ಆ್ಯಪಿನಲ್ಲಿ ಯಾರು ಸದ್ದು ಮಾಡುತ್ತಾರೋ ಅವರ ಮುಖ ಮಾತ್ರ ದೊಡ್ಡದಾಗಿ ಕಾಣುತ್ತದಂತೆ. ಸದ್ದೇ ಮಾಡದ ಹದಿನೈದು ಜನ ಅದನ್ನು ಇಟ್ಟುಕೊಂಡು ಏನು ಮಾಡಬೇಕು?

ಫ್ಯಾನಿನ ಕೆಳಗೆ ಕೂತಿದ್ದ ಚೌಡಪ್ಪ ಕಾಲು ಕೆಳಗಿಟ್ಟರು. “ಅಮ್ಮಯ್ಯ, ಆ ಕಂಪನಿಯೋನ್ಗೆ ಸಿನಿಮಾ ಅಂಗಡೀನೂ ಐತಾ?”

“ಐತೆ ಮಾವ. ಅದುನ್ನೇ ಮೊದ್ಲು ಬಿಡ್ತಾ ಇರೋದು.”

“ಅಲ್ಲೇ ಕೆಟ್ಟಿರೋದು. ತೂಬು ತೆಗೆಯೋನ್ಗೆ ಕೆರೆ ಕೆಳಗೆ ಗದ್ದೆ ಇರಬಾರ್ದು. ನಮ್ಮಂಥ ಗದ್ದೆ ಇಲ್ದೋರ್ಗೆ ಯಾಕೆ ಆ ಕೆಲಸ ಕೊಟ್ರು ಅಂದ್ಕಂಡಿದ್ದೀಯ? ಮರುಗಿ ಅಲ್ಲ. ಗದ್ದೆ ಇರೋನು ತೂಬಿನ ಮೇಲೆ ಕುಂತ್ರೆ ತನ್ ಗದ್ದೆ ತುಂಬೋವರ್ಗೂ ಕೆಳಗೆ ಇಳಿಯಲ್ಲ ಅಂತ.”

ಮುನಿರತ್ನಮ್ಮ ನನ್ನ ಕಡೆ ತಿರುಗಿದಳು. ಆಮೇಲೆ ಮೂಲೆಯಲ್ಲಿ ತಂತಿ ಸುತ್ತುತ್ತಿದ್ದ ಗಂಡನಿಗೆ ಹೇಳಿದಳು: “ಹಳೇ ಸೆಟ್ಟಿಂಗು ಪೆನ್‌ಡ್ರೈವಲ್ಲಿ ಇಟ್ಟಿದ್ಯಲ್ಲ, ತಗೊಂಬಾ. ಇದುನ್ನ ಅಳಿಸು.”

“ಲೈನು ಕಟ್ ಮಾಡ್ತಾರೆ ಕಣೆ!”

“ಮಾಡ್ಲಿ. ಅದು ಮುಂದಿನ ಮಾತು. ಈಗ ಆ ತೋಳು ಉಳೀಬೇಕು.”

ನನ್ನ ಬೆನ್ನಿನಲ್ಲಿ ಒಂದು ಸಣ್ಣ ತೂತಿದೆ. ಅದರೊಳಗಿನ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಶ್ರೀರಾಮಪ್ಪ ಬೆಂಕಿಕಡ್ಡಿ ತೂರಿಸಿದ, ಮುರಿಯಿತು. ಪೆನ್ನಿನ ಮೊನೆ ಹೋಗಲಿಲ್ಲ. ನಫೀಸಾ ಅವನನ್ನು ಪಕ್ಕಕ್ಕೆ ಸರಿಸಿ, ಚೀಲದಿಂದ ಆರಿ ಸೂಜಿ ತೆಗೆದು ನೆಟ್ಟಗೆ ಒಳಗಿಟ್ಟಳು. ಅವಳಿಗೆ ಎಣಿಕೆ ಕೇಳಿಸುವುದಿಲ್ಲವಲ್ಲ, ಶ್ರೀರಾಮಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಬೆರಳು ಬಿಚ್ಚಿದ. ಹತ್ತನೆಯ ಬೆರಳಿಗೆ ನನ್ನ ದೀಪಗಳೆಲ್ಲ ಆರಿದವು.

ಮತ್ತೆ ಹತ್ತಿ, ಪೆನ್‌ಡ್ರೈವಿನ ಹಳೇ ಸೆಟ್ಟಿಂಗು ತುಂಬಿದಾಗ ನನ್ನೊಳಗೆ ಮೂರು ಸಾಲು ಇರಲಿಲ್ಲ.

ಬುಧವಾರ ಹನ್ನೊಂದಕ್ಕೆ ಬಂಡೆ ಬೀದಿಯಿಂದ ತುಣುಕುಗಳು ಬಂದವು. ನನ್ನ ಜನ್ಮದಲ್ಲಿ ಅಷ್ಟು ನಿಗಾ ಇಟ್ಟು ಕೆಲಸ ಮಾಡಿದ್ದಿಲ್ಲ. ಒಂದೂ ಬೀಳಲಿಲ್ಲ. ಕತ್ತರಿಸಿದ ತೋಳನ್ನು ದೊಡ್ಡ ಹತ್ತಿ ಬಟ್ಟೆಯ ಮೇಲಿಟ್ಟು ಸುತ್ತ ಹೊಲಿಗೆ ಹಾಕು. ಆ ಬಟ್ಟೆಯನ್ನು ಚೌಕಟ್ಟಿಗೆ ಬಿಗಿ. ಕಡಿಮೆಬಿದ್ದ ಕಡೆ ಸೀರೆಯ ಅಂಚಿನ ಪಟ್ಟಿ ಜೋಡಿಸು. ಜೋಡಣೆಯ ಗೆರೆಯ ಮೇಲೆ ಮುತ್ತಿನ ಸಾಲು ಕೂರಿಸು. ನಡುನಡುವೆ ಎಳೆಯಬೇಡ, ಗಂಟು ಹಾಕಬೇಡ, ಅವಸರ ಬೇಡ. ಎರಡು ಗಂಟೆಯ ಪಾಠವಂತೆ. ಎಲ್ಲ ‘ಬೇಡ’ಗಳೂ ಪಾವಗಡ ಮುಟ್ಟಿದವು.

ಶುಕ್ರವಾರ ಸಂಜೆ ಖುರ್ಷಿದಮ್ಮ ಫೋನು ಹಿಡಿದು ಬಂದಳು. ಮದುವೆ ಹೆಣ್ಣು ಎರಡು ತೋಳನ್ನೂ ಮುಂದೆ ಚಾಚಿ ಫೋಟೋ ತೆಗೆಸಿಕೊಂಡಿದ್ದಳು.

“ಆ ಮುತ್ತಿನ ಸಾಲು ಎಲ್ಲಿಂದ ಕಲಿತೆ ಅಂತ ನಾಲ್ಕು ಜನ ಕೇಳಿದ್ರಂತೆ” ಎಂದಳು. “ಅನಸೂಯ ಹೇಳಲಿಲ್ಲವಂತೆ. ಹುಷಾರಿ!”

ಇತ್ತ ಕಂಪನಿಯ ನೋಟಿಸು ಬಂತು: ಟ್ರಯಲ್ ಮುರಿದಿದ್ದಕ್ಕೆ ಎಂಟು ದಿನದಲ್ಲಿ ಲೈನು ಬಂದ್. ಮುನಿರತ್ನಮ್ಮ ಅದೇ ಕಂಪನಿಯ ಟ್ರಯಲ್ ಇದ್ದ ಸುತ್ತಲಿನ ಏಳು ಊರಿನ ಕೇಬಲ್‌ನವರನ್ನು ಆಫೀಸಿಗೆ ಕರೆದಳು. ಏಳು ಜೊತೆ ಚಪ್ಪಲಿ ನನ್ನ ಮುಂದೆ ಸಾಲಾಗಿ ಕೂತವು.

“ಒಬ್ಬ ಹೆಣ್ಮಗಳಿಗೋಸ್ಕರ ನಾವೆಲ್ಲ ಕಂಪನಿ ಎದುರು ಹಾಕ್ಕೋಬೇಕಾ ಅಕ್ಕ?” ಎಂದ ನಾಗೇನಹಳ್ಳಿಯ ಆಂಜಿನಪ್ಪ. “ನಮ್ಮೂರಲ್ಲಿ ಜನ ಸಿನಿಮಾ ನೋಡ್ಕಂಡು ತಣ್ಣಗವ್ರೆ.”

“ಅವಳ್ಗೋಸ್ಕರ ಬೇಡ ಬಿಡು. ನಿನ್ಗೋಸ್ಕರ ಕೇಳು ಆಂಜಿನಪ್ಪ. ಇವತ್ತು ಅವ್ರಿಗೆ ಸಿನಿಮಾ ಅಂಗಡಿ ಐತೆ. ನಾಳೆ ನಿನ್ನೂರಲ್ಲಿ ಅವ್ರೇ ಕೇಬಲ್ ಆಫೀಸು ತೆಗೀತಾರೆ. ಆಗ ನಿನ್ ಆಫೀಸು ಎಷ್ಟನೇ ಸಾಲಲ್ಲಿರ್ತೈತೆ?”

ಒಂದು ಚಪ್ಪಲಿ ಮೆಲ್ಲಗೆ ನೆಲ ಕೆರೆಯಿತು.

“ಹೈವೇ ಪಕ್ಕ ಇನ್ನೊಂದು ಕಂಪನಿ ಲೈನು ಹೋಗೈತೆ. ಒಬ್ಬಳು ಕೇಳಿದ್ರೆ ಕೊಡಲ್ಲ. ಎಂಟು ಊರು ಒಟ್ಟಿಗೆ ಕೇಳಿದ್ರೆ ಓಡಿಬತ್ತಾರೆ” ಎಂದಳು ಮುನಿರತ್ನಮ್ಮ.

ಆ ಇನ್ನೊಂದು ಕಂಪನಿಗೆ ಒಟ್ಟಾಗಿ ಬರೆದ ಅರ್ಜಿಯ ಮೇಲೆ ಮೊದಲ ರುಜು ಆಂಜಿನಪ್ಪನದೇ. ಆ ಕಾಗದದ ಫೋಟೋ ಮಧ್ಯಾಹ್ನ ಸುಹಾಸನಿಗೆ ಹೋಯಿತು. ಆರನೆಯ ದಿನ ಬೂಟುಗಳು ಬಂದವು. ಈ ಸಲ ಅವು ಬಾಗಿಲ ಹೊರಗೆ ಕಳಚಿಕೊಂಡವು, ಒಳಗೆ ಬಂದದ್ದು ಕಾಲುಚೀಲ. ಟ್ರಯಲ್ ಮುಗಿಯಿತೆಂದ. ಎಂಟು ಊರಿಗೂ ಹಳೆಯ ಹಾಗೇ ಲೈನು ಎಂದ. ಮುನಿರತ್ನಮ್ಮ ಅದನ್ನು ಕಾಗದದ ಮೇಲೆ ಬರೆಸಿಕೊಂಡಳು. ಒಳಗಿನಿಂದ ಚಹಾ ತರಿಸಿ ಕೊಟ್ಟಳು, ಪಾಪ, ಅವನೂ ಯಾರದೋ ಮಾತಿಗೆ ಓಡಾಡುವವನು.

ಆಮೇಲೆ ಆರು ವರ್ಷ ದುಡಿದೆ. ನಫೀಸಾಳ ಪಾಠ ಹದಿನಾಲ್ಕರಿಂದ ಅರವತ್ತಕ್ಕೆ ಏರಿತು. ಊರಿನ ಮನೆಗಳು ಎಂಟುನೂರಾದವು. ನನ್ನ ಮೈ ಬಿಸಿಯಾಗತೊಡಗಿತು, ಎರಡು ಕಿಂಡಿ ಸತ್ತವು. ನನಗಿಂತ ಹತ್ತು ಪಟ್ಟು ಬಲದ ಹೊಸ ಪೆಟ್ಟಿಗೆ ಬಂತು. ಮುನಿರತ್ನಮ್ಮ ನನ್ನನ್ನು ಗುಜರಿಗೆ ಹಾಕಲಿಲ್ಲ. ಬಟ್ಟೆಯಿಂದ ಒರೆಸಿ, ಕಪಾಟಿನ ಮೇಲರೆಯಲ್ಲಿ ಇಟ್ಟಳು. ಈಗ ಮನುಷ್ಯರ ನೆತ್ತಿ ಕಾಣುತ್ತದೆ. ಮೇಲಿನಿಂದ ನೋಡಿದರೆ ಎಲ್ಲರ ನೆತ್ತಿಯೂ ಹೆಚ್ಚುಕಡಿಮೆ ಒಂದೇ ಥರ.

ದಾರಿಯಲ್ಲಿ ಕೂತವನಿಗೆ ಎಷ್ಟು ಅಧಿಕಾರ ಇರುತ್ತದೆ ಎಂಬುದು ದಾರಿಹೋಕರಿಗೆ ತಿಳಿಯುವುದಿಲ್ಲ. ನಾನು ತಡೆದದ್ದೂ ಉಂಟು, ಬಿಟ್ಟದ್ದೂ ಉಂಟು. ತಡೆದ ದಿನಗಳಲ್ಲಿ ನನ್ನನ್ನು ಯಾರೂ ಬೈಯಲಿಲ್ಲ, ಲೈನೇ ಹಾಗೆ ಎಂದುಕೊಂಡರು. ಅದೇ ಭಯದ ಸಂಗತಿ.

ಹೊಸ ಪೆಟ್ಟಿಗೆ ಕೂರಿಸಲು ಬಂದ ಎಂಜಿನಿಯರು ಲ್ಯಾಪ್‌ಟಾಪು ತೆರೆದು ಹೆಮ್ಮೆಯಿಂದ ಹೇಳಿದ: “ಮೇಡಂ, ಇದು ಭಾರೀ ಮೆಷಿನ್ನು. ಇದ್ರಲ್ಲಿ ಎಂಟು ಸಾಲು ಮಾಡ್ಬಹುದು. ಎಷ್ಟು ಹಾಕ್ಲಿ?”

ಮುನಿರತ್ನಮ್ಮ ರಸೀದಿಯಿಂದ ತಲೆಯೆತ್ತಲಿಲ್ಲ.

“ಒಂದ್ ಹಾಕಪ್ಪ, ಸಾಕು.”