ಹತ್ತರಿಂದ ಕೆಳಕ್ಕೆ

ಎಂಟು ದಿನ ಪಾತ್ರೆ ತೊಳೆಯುತ್ತ ಅವಳು ಬಾಯಿಪಾಠ ಮಾಡಿದ್ದಳು: ಬಿರ್, ಇಕಿ, ಉಚ್, ದೋರ್ತ್, ಬೆಶ್, ಅಲ್ತಿ, ಯೆದಿ, ಸೆಕಿಜ್, ದೊಕುಜ್, ಒನ್. ತುರ್ಕಿ ಭಾಷೆಯಲ್ಲಿ ಒಂದರಿಂದ ಹತ್ತು. ಪಕ್ಕದಲ್ಲಿ ಚಹಾ ಹೀರುತ್ತ ಗಂಡ ಕಾಲೆಳೆಯುತ್ತಿದ್ದ.

"ಮೇಲಕ್ಕೆ ಎಣಿಸಿ ಏನ್ ಮಾಡ್ತೀಯೆ? ಮೆಟ್ಟಿಲು ಬರೋದು ಕೆಳಕ್ಕೆ. ಅದೂ ನನ್ನ ತಲೆ ಮೇಲೆ!"

ಮಾತು ನಿಜವೇ. ಕಟ್ಟಡದಲ್ಲಿ ಅವಳಿಗೆ ಹೊಸದಾಗಿ ಸಿಕ್ಕಿದ್ದು ಕ್ರೇನಿಗೆ ದಾರಿ ಹೇಳುವ ಕೆಲಸ. ಕ್ರೇನಿನವನು ಗೋಡೆಯಾಚೆ, ಅವನಿಗೆ ಈಚೆಯದು ಕಾಣದು, ತುರ್ಕಿ ಬಿಟ್ಟು ಬೇರೆ ಭಾಷೆ ಬಾರದು. ನೆಲಕ್ಕೆ ಇನ್ನೆಷ್ಟು ಮೀಟರ್ ಇದೆಯೆಂದು ಅವಳು ವೈರ್‌ಲೆಸ್ಸಿನಲ್ಲಿ ಹೇಳುತ್ತಿರಬೇಕು. ಅಂಕಿ ಇಳಿದರೆ ಇಳಿಸುತ್ತಾನೆ, ಏರಿದರೆ ಏರಿಸುತ್ತಾನೆ, 'ದುರ್' ಅಂದರೆ ನಿಲ್ಲಿಸುತ್ತಾನೆ. ಕೆಳಗೆ ನಿಂತು ಮೆಟ್ಟಿಲನ್ನು ಜಾಗಕ್ಕೆ ಕೂರಿಸುವ ಗಾರೆಯವನು ಅವಳ ಗಂಡನೇ. ಅದಕ್ಕೇ ಅವಳು ಹತ್ತರಿಂದ ಕೆಳಕ್ಕೂ ಕಲಿತಳು, ನಾಲಿಗೆ ಸವೆಯುವಷ್ಟು.

ಮೊದಲ ದಿನ, ಮೊದಲೇ ಎರಕ ಹೊಯ್ದ ಕಾಂಕ್ರೀಟಿನ ಮೆಟ್ಟಿಲು ಕ್ರೇನಿನ ಕೊಕ್ಕೆಯಲ್ಲಿ ತೂಗಾಡುತ್ತ ಬಂತು. ಎರಡನೇ ಮಹಡಿಯ ಅಂಚಿನಲ್ಲಿ ನಿಂತು ಅವಳು ಒಂದೂ ತಪ್ಪದೆ ಹೇಳಿದಳು. ಒನ್, ದೊಕುಜ್, ಸೆಕಿಜ್... ಉಚ್, ಇಕಿ.

ಇನ್ನು ಎರಡೇ ಮೀಟರ್. ಆಗ ಗಂಡ, ಓರೆಯಾಗಿದ್ದ ಮರದ ದಿಮ್ಮಿಯನ್ನು ನೇರ ಮಾಡಲು ಮೆಟ್ಟಿಲಿನ ಅಡಿಗೇ ನುಗ್ಗಿ ಕುಕ್ಕರುಗಾಲಲ್ಲಿ ಕೂತ. ಈ ಮಹಾಶಯನಿಗೆ ಕಾಯುವುದೊಂದು ಬಿಟ್ಟು ಉಳಿದದ್ದೆಲ್ಲ ಗೊತ್ತು.

ನಿಲ್ಲಿಸು ಅನ್ನಬೇಕು. ಯಾವ ಮಾತು ಅದು? ತಲೆಯಲ್ಲಿ ಏನೂ ಇರಲಿಲ್ಲ. ಬಾಯಿ ತೆರೆದರೆ ಬಂದದ್ದು ಪಾತ್ರೆ ತೊಳೆಯುವಾಗಿನ ಪಾಠ.

"ಬಿರ್..."

ಮೆಟ್ಟಿಲು ಇನ್ನೊಂದು ಮೀಟರ್ ಇಳಿಯಿತು.

"...ಇಕಿ, ಉಚ್, ದೋರ್ತ್..."

ಇಳಿಯುತ್ತಿದ್ದದ್ದು ಗಕ್ಕನೆ ನಿಂತು ಮೇಲೇರತೊಡಗಿತು. ಅವಳು ಎಣಿಸುತ್ತಲೇ ಹೋದಳು. ಹತ್ತಾಯಿತು. ಅಲ್ಲಿಂದಾಚೆ ಅವಳಿಗೆ ಬಾರದು.

ಗಂಡ ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟು ಕೂಗಿದ. "ಎಲ್ಲಿಗೆ ಹೋಗ್ತಿದೆಯೇ ಅದು? ಆಕಾಶಕ್ಕೆ ಮೆಟ್ಟಿಲು ಹಾಕಿಸ್ತೀಯಾ?"

ಅಷ್ಟರಲ್ಲಿ ವಾರೆಯಾಗಿದ್ದ ಹೆಲ್ಮೆಟ್ಟು ಅವನ ಕಣ್ಣಿಗೆ ಜಾರಿತು. ತೆಗೆದು ನೋಡಿದ. ಅದರ ನೆತ್ತಿಯ ಮೇಲೆ ಅಂಗೈ ಉದ್ದಕ್ಕೆ ಕಾಂಕ್ರೀಟ್ ಉಜ್ಜಿದ ಬಿಳಿ ಗೆರೆ. ಅದನ್ನು ನೋಡಿದ, ಮೇಲೆ ತೂಗುತ್ತಿದ್ದ ಮೆಟ್ಟಿಲನ್ನು ನೋಡಿದ, ಅವಳನ್ನು ನೋಡಿದ. ನಗು ಅಲ್ಲೇ ಒಣಗಿತು. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ದೂಳಿನಲ್ಲೇ ಕೂತುಬಿಟ್ಟ.

ವೈರ್‌ಲೆಸ್ಸಿನಲ್ಲಿ ಏನೂ ಅರಿಯದ ಕ್ರೇನಿನವನ ಸ್ವರ: "ಒನ್ ಬಿರ್?"

ಹತ್ತು, ಒಂದು. ಹನ್ನೊಂದಕ್ಕೆ ಏರಿಸಲೇ ಎಂದು ಕೇಳುತ್ತಿದ್ದಾನೆ. ಆಗ ಆ ಮಾತು ಅವಳಿಗೆ ನೆನಪಾಯಿತು.

"ದುರ್," ಅಂದಳು. "ದುರ್. ದುರ್. ದುರ್."

ಕ್ರೇನ್ ನಿಂತಿತು. ಗಂಡ ಅವಸರವಾಗಿ ಮೇಲೆ ಹತ್ತಿ ಬಂದ. "ನಿಂತಿದೆ ಕಣೇ, ನಿಂತಿದೆ," ಎನ್ನುತ್ತ ಅವಳ ಬೆರಳುಗಳನ್ನು ಒಂದೊಂದಾಗಿ ವೈರ್‌ಲೆಸ್ಸಿನ ಗುಂಡಿಯಿಂದ ಬಿಡಿಸಿದ. ಅವಳು ಮಾತ್ರ ಇನ್ನೂ 'ದುರ್' ಅನ್ನುತ್ತಲೇ ಇದ್ದಳು.